ವಸ್ತಾದ್ರಿಗೆ ಯಾರು ಹೊಡೆದ್ರು?

ಕಲಬುರಗಿಯೊಳಗ ಈಸಾಕ ಬರೋ ಯಾರನ್ನರ ಹಿಡಿದು ನಿಂದ್ರಿಸಿ, ನಿಮಗ ಯಾರು ಕಲಿಸ್ಯಾರ ಅಂತ ಕೇಳಿ ನೋಡ್ರಿ. ಅರ್ಧಕ್ಕರ್ಧ ಮಂದಿ ಹೆಸರು ಹೇಳೋಕಿಂತ ಮೊದಲ ತಮ್ಮ ಕಪಾಳ ಮುಟ್ಟಿ ನೋಡ್ಕೋತಾರ. ಅವರೆಲ್ಲ ನಮ್ಮ ಮನಿಯವ್ರ ಶಿಷ್ಯರು ಅಂತ ತಿಳಕೋರಿ. ನಮ್ಮ ಮನಿಯವ್ರ ಹೆಸರು ದೌಲಪ್ಪ. ಆದ್ರ ಹೆಸರು ಹಿಡಿದು ಕರಿಯೋರು ಈಗ ಊರಾಗ ಉಳಿದಿಲ್ಲ, ಸಣ್ಣೋರು ದೊಡ್ಡೋರು ಎಲ್ಲಾರಿಗೂ ಅವರು ವಸ್ತಾದ್ರು, ಅಂದ್ರ ಗುರುಗಳು. ನಾ ಭಾಗಮ್ಮ, ವಸ್ತಾದ್ರ ಹೆಂಡತಿ. ನನಗ ಈಸಾಕ ಬರಂಗಿಲ್ಲ. ಬಾವಿ ದಂಡಿಮ್ಯಾಲ ಕೂತು ಎಲ್ಲಾರ ಅರಿವಿ, ಗಡಿಯಾರ, ಚಪ್ಪಲಿ ಕಾಯೋದು ನನ್ನ ಕೆಲಸ. ಅದಕ್ಕ ಈ ಮನುಷ್ಯಾನ ಆಟ ನಾ ನೋಡಿದಷ್ಟು ಮತ್ತ್ಯಾರೂ ನೋಡಿಲ್ಲ.

ಕಮಲಾಪುರದಾಗ ನಮ್ಮದು ಕೆಂಪ ಬಾಳಿ ತೋಟ. ತೋಟದ ನಡುವ ಅವರ ಮುತ್ಯಾ ಕಟ್ಟಿಸಿದ ಕಲ್ಲಿನ ಬಾವಿ. ನಾಕೂ ಕಡಿ ಗ್ವಾಡಿ, ಒಂದು ಕಡಿ ಇಳಿಯಾಕ ಪಾವಟಿಗಿ. ಬ್ಯಾಸಿಗಿ ರವಿವಾರ ಬಂತಂದ್ರ ಕಲಬುರಗಿ ಬಿಸಲಿಗೆ ಬೆಂದ ಮಂದಿ ಗಾಡಿ ಹತ್ತಿ ನಮ್ಮ ತೋಟಕ್ಕ ಬರ್ತಾರ. ನೆಹರು ಗಂಜಿನ ತೊಗರಿ ವ್ಯಾಪಾರಿಗಳು, ಡಾಕ್ಟರು, ವಕೀಲರು ಎಲ್ಲಾರೂ ಬರ್ತಾರ. ತೇಲಾಕಂತ ಬೆನ್ನಿಗೆ ಖಾಲಿ ಎಣ್ಣಿ ಡಬ್ಬಿ ಕಟ್ಟಿಕೊಂಡು ಚಡ್ಡಿ ಮ್ಯಾಲ ಗಡಗಡ ನಡುಗ್ಕೋತ ನಿಂತಾಗ ಯಾರು ವಕೀಲ, ಯಾರು ಹಮಾಲ ಅಂತ ಗುರ್ತು ಹತ್ತಂಗಿಲ್ಲ. ಹೆಣ್ಮಕ್ಕಳಿಗೆ ಶನಿವಾರ ಬ್ಯಾರೆ. ಶರಣಬಸವೇಶ್ವರ ಗುಡಿ ಬಾಜೂಕಿನ ಕಾಲೇಜಿನಾಗ ಕಲಿಸೋ ಶೀಲಾ ಮೇಡಂ ಅವರದ್ದೇ ಒಂದು ಗುಂಪು ಮಾಡಿಕೊಂಡು ಬರ್ತಾರ.

ಯಾರೇ ಬರಲಿ, ನಮ್ಮ ಮನಿಯವ್ರ ಪದ್ಧತಿ ಬದಲಾಗಂಗಿಲ್ಲ. ಮೊದಲ ಪಾವಟಿಗಿ ಇಳಿದು ಹೋಗಿ ಒಂದು ಬೊಗಸಿ ನೀರು ಎಲ್ಲಾರ ಎದುರು ಕುಡೀತಾರ. ಕುಡಿದು, ಮೀಸಿ ಒರಿಸ್ಕೊಂಡು, "ಸಿಹಿ ಅದ" ಅಂತಾರ. ಸಿಹಿ ಇದ್ದದ್ದು ಛಲೋ ನೀರು, ಅದರ ಮ್ಯಾಲ ಮಾತಿಲ್ಲ. ಆಮ್ಯಾಲ ಮ್ಯಾಲಿನ ಕಲ್ಲಿನಿಂದ ತಾವೊಬ್ಬರೇ ಹಾರ್ತಾರ. ತಳ ಮುಟ್ಟಿ ಮ್ಯಾಲ ಬಂದು ಚಪ್ಪಾಳಿ ಹೊಡೆದ್ರನೇ ಉಳಿದವ್ರು ನೀರಿಗೆ ಕಾಲಿಡಬೇಕು. ಚಪ್ಪಾಳಿಗಿಂತ ಮೊದಲ ಯಾರರ ಹೆಬ್ಬೆರಳು ಅದ್ದಿದ್ರೂ ಆ ದಿನ ಮನಿಗೆ.

ಇನ್ನ ಕಪಾಳದ ಮಾತು. ಈಸು ಕಲಿಯೋರ ಬೆನ್ನಿನ ಡಬ್ಬಿ ಬಿಚ್ಚಿದ ದಿನ ಎಂಥಾ ಶಾಣ್ಯಾನಾದ್ರೂ ಜೀವ ಹೋದಂಗಾಗಿ ಕಲಿಸೋರ ಕೊಳ್ಳಿಗೆ ತೆಕ್ಕಿ ಬೀಳ್ತಾನ. ತೆಕ್ಕಿ ಬಿದ್ರ ಇಬ್ಬರೂ ತಳಕ್ಕ ಹೋಗೋದೇ. ಅದಕ್ಕ ಇವರು ಕಪಾಳಕ್ಕ ಒಂದು ಬಿಗೀತಾರ. ಆ ಏಟಿಗೆ ದಂಗುಬಡಿದು ಅವನ ಕೈ ಸಡಲ್ತಾವ, ಸಡಲಿದ ಕೂಡ್ಲೇ ರಟ್ಟಿ ಹಿಡಿದು ಪಾವಟಿಗಿಗೆ ಎಳ್ಕೊಂಡು ಬರ್ತಾರ. ಕೂಡಿಸಿ, ಅವನ ಉಸಿರು ಹೊಳ್ಳಿ ಬಂದ ಮ್ಯಾಲ ಎಲ್ಲಾರ ಎದುರಿಗೆ ಕೇಳ್ತಾರ, "ಯಾರು ಹೊಡೆದ್ರು?" ಅಂತ. ಅದಕ್ಕ ಜವಾಬು ಒಂದೇ: "ನೀರು ಹೊಡೀತ್ರಿ ವಸ್ತಾದ್ರ." ಸಿಟ್ಟು ನೀರಿನ ಮ್ಯಾಲ ಇರಬೇಕು, ಕಲಿಸೋರ ಮ್ಯಾಲ ಇರಬಾರದು ಅಂತ ಅವರ ಲೆಕ್ಕ. "ನೀವು ಹೊಡೆದ್ರಿ" ಅಂದವ ಮತ್ತ ನೀರಿಗೆ. ಒಬ್ಬ ದೊಡ್ಡ ಸಾಹೇಬ, ಕೇಸ್ ಹಾಕ್ತೀನಿ ಅಂತ ಒದರ್‍ಯಾಡಿ, ಮತ್ತ ನೀರು ಕುಡಿದು ಮ್ಯಾಲ ಬಂದಾಗ ಕೈ ಮುಗಿದು ನೀರೇ ಹೊಡೀತ್ರಿ ಅಂದ. ಈಗ ಪ್ರತಿ ವರ್ಷ ದಸರಾಕ್ಕ ಬನ್ನಿ ಕೊಟ್ಟು ಹೋಗ್ತಾನ.

ಈ ಏಟು ಮೊಟ್ಟಮೊದಲ ತಿಂದವ ಕರೀಂಸಾಬ್. ಗಂಜಿನಾಗ ತೊಗರಿ ಅಡತಿ ಮಾಡ್ತಾನ, ಇವರ ಜೋಡಿ ಸಣ್ಣಂದಿನಿಂದ ಆಡಿ ಬೆಳೆದವ. ಮದುವಿ ಇರಲಿ, ಮಯ್ಯತ್ ಇರಲಿ, ಇವರು ಎದುರು ಬಂದ್ರ ಕಪಾಳ ತಿಕ್ಕೊಂಡು ನಗ್ತಾನ. ಸಾಯೋಕಿಂತ ಮೊದಲ ಒಂದೇ ಒಂದು ಸಲ ಆ ಪ್ರಶ್ನೆ ನಾ ಇವನಿಗೆ ಕೇಳಬೇಕು ವೈನಿ, ಅದೊಂದು ಆಸೆ ಅದ, ಅಂತ ನನ್ನ ಮುಂದ ಅಂತಿದ್ದ. ಆ ಆಸೆ ಈಡೇರೋದಲ್ಲ ಅಂತ ನಾನೂ ನಗ್ತಿದ್ದೆ.

ಇಷ್ಟೆಲ್ಲ ಮಂದಿಯೊಳಗ ಸರಿ ಜವಾಬು ಕೊಡದೇ ಇದ್ದಾಕಿ ಒಬ್ಬಾಕಿನೇ, ನಮ್ಮ ಮಗಳು ಅಂಬಿಕಾ. ಇನ್ನಾ ಹಾಲಿನ ಹಲ್ಲು ಬಿದ್ದಿರಲಿಲ್ಲ, ಆವಾಗಲೇ ಡಬ್ಬಿ ಬಿಚ್ಚಿ ಬಾವಿಗೆ ಇಳಿಸಿದ್ರು. ತೆಕ್ಕಿ ಬಿತ್ತು, ಬಿಗಿದ್ರು, ಕೂಡಿಸಿ ಕೇಳಿದ್ರು. ಕೂಸು ಮೂಗು ಒರಿಸ್ಕೊಂಡು, "ಅಪ್ಪ ಹೊಡೆದ" ಅಂತು. ಮತ್ತ ಇಳಿಸಿದ್ರು, ಮತ್ತ ಅಪ್ಪನೇ ಹೊಡೆದ. ಎಷ್ಟು ಸಲ ಇಳಿಸಿದ್ರೂ ಅದೇ ಮಾತು. ಕಡೀಕ ನಾ ದಂಡಿಮ್ಯಾಲಿಂದ ಬೈಯ್ಯಾಕತ್ತೆ, ಕೂಸಿನ ತುಟಿ ನೀಲಿ ಆದ್ವು, ಇವರೇ ಸೋತು ಹೆಗಲ ಮ್ಯಾಲ ಹೊತ್ಕೊಂಡು ಮನಿಗೆ ಬಂದ್ರು. ಸುಳ್ಳು ಹೇಳವಲ್ದು ಇದು, ಯಾರ ಮ್ಯಾಲ ಹೋಗ್ಯದೋ ಏನೋ ಅಂತ ದಾರಿಯುದ್ದಕ್ಕೂ ಗೊಣಗಿದ್ರು. ಹೋಗಿದ್ದು ನನ್ನ ಮ್ಯಾಲ, ಬ್ಯಾರೆ ಯಾರ ಮ್ಯಾಲ ಹೋಗಬೇಕು.

ಆ ಕೂಸೇ ಮುಂದ ಕಲಬುರಗಿಯಾಗ ಕಾಲೇಜು ಓದ್ಕೋತ ಈಸಿ ಈಸಿ ಮೆಡಲ್ ತಂತು. ಆಮ್ಯಾಲ ಸಮುದ್ರದ ಕಡಿ ಹೋಗಿ ಟ್ರೇನಿಂಗ್ ಮಾಡಿತು. ಒಂದಿನ ಫೋನ್ ಮಾಡಿ, ಕಾರವಾರದ ಕಡಿ ಒಂದು ರೆಸಾರ್ಟಿನಾಗ ಲೈಫ್‌ಗಾರ್ಡ್ ಕೆಲಸ ಸಿಕ್ಕದ ಅಂತ ಹೇಳ್ತು. ಎತ್ತರದ ಕುರ್ಚಿಮ್ಯಾಲ ಕೂತು ಸಮುದ್ರದಾಗ ಆಡೋ ಮಂದಿನ್ನ ಕಾಯಬೇಕು, ಮುಳುಗೋರನ್ನ ಎಳ್ಕೊಂಡು ಬರಬೇಕು, ನೀರು ಹೊಲಸಾದ್ರ ಯಾರೂ ಇಳೀದಂಗ ನೋಡ್ಕೋಬೇಕು. ನನಗ ಅಗದೀ ಖುಷಿ ಆತು. ಇವರ ಮಾರಿ ಮಾತ್ರ ಹುಣಸಿಹಣ್ಣು ತಿಂದಂಗ ಆತು.

ಸಮುದ್ರ ಒಂದು ನೀರೇನು ಅಂತ ಶುರು ಮಾಡಿದ್ರು. ನಾಕೂ ಕಡಿ ಗ್ವಾಡಿ ಇಲ್ಲ, ತಳ ಇಲ್ಲ, ಊರೂರಿನ ಗಟಾರ ಎಲ್ಲಾ ಅಲ್ಲೇ ಹೋಗಿ ಬೀಳ್ತದ, ಅಂಥಾದ್ರಾಗ ನನ್ನ ಮಗಳು ಇಳೀಬೇಕೇನು ಅಂದ್ರು. ಬಾವಿ ಬಿಟ್ಟು ಬ್ಯಾರೆ ನೀರು ಕಂಡವರಲ್ಲ. ಕಮಲಾಪುರ ಕಲಬುರಗಿ ಬಿಟ್ರ ಒಮ್ಮೆ ಸೊಲ್ಲಾಪುರಕ್ಕ ಮದುವಿಗೆ ಹೋಗಿದ್ರು, ಅಷ್ಟೇ. ಆದ್ರ ನನಗ ಗೊತ್ತಿತ್ತು, ಅದು ಸಿಟ್ಟಲ್ಲ, ಅಂಜಿಕಿ. ಮಗಳು ಮುಳುಗಿದ್ರ ಜಿಗಿದು ಎಳ್ಕೊಂಡು ಬರಾಕ ತಾವು ಅಲ್ಲಿ ಇರಂಗಿಲ್ಲಲ್ಲ ಅನ್ನೋ ಅಂಜಿಕಿ. ಅದನ್ನ ಬಾಯಿಬಿಟ್ಟು ಹೇಳಿದ್ರ ಮೀಸಿ ಕೆಳಗಾಗ್ತದಲ್ಲ, ಅದಕ್ಕ ಸಮುದ್ರಕ್ಕ ಬೈದ್ರು.

ಕಡೀಕ ತೀರ್ಮಾನ ಆತು. ದಸರಾ ಸೂಟಿಯಾಗ ಹೋಗೋದು, ವಸ್ತಾದ್ರು ಸ್ವತಃ ಸಮುದ್ರದ ನೀರು ಕುಡಿದು ನೋಡೋದು, ಸಿಹಿ ಇದ್ರ ಮಗಳು ಅಲ್ಲೇ ಇರೋದು, ಇಲ್ಲಂದ್ರ ಅದೇ ಗಾಡಿಯಾಗ ಗಂಟುಮೂಟಿ ಕಟ್ಟಿಸಿ ಕರ್ಕೊಂಡು ಬರೋದು. ಸುದ್ದಿ ಕೇಳಿ ಶಿಷ್ಯರೆಲ್ಲ ನಾವೂ ಬರ್ತೀವಿ ಅಂತ ಕುಣಿದ್ರು. ಒಂದು ಟೆಂಪೋ ಮಾಡಿದ್ವಿ. ನನ್ನ ಬಾಜೂಕ ಒಂದು ಜಾಗಾ ಖಾಲಿ ಬಿಡಿಸಿದ್ರು, ಹೊಳ್ಳಿ ಬರುವಾಗ ಅಂಬಿಕಾ ಕೂಡಾಕ. ಸಮುದ್ರ ಉಪ್ಪು ಇರ್ತದ ಅಂತ ಸಾಲಿಗೆ ಹೋದ ಎಲ್ಲಾರಿಗೂ ಗೊತ್ತದ. ಆದ್ರೂ ನಾ ಮನಸಿನಾಗ ಶರಣಬಸಪ್ಪಗ ಹರಕಿ ಹೊತ್ತೆ, ಒಂದೇ ಒಂದು ಬೊಗಸಿ ಸಿಹಿ ಮಾಡಿ ಕೊಡು ತಂದಿ, ಕಾಯಿ ಒಡಸ್ತೀನಿ ಅಂತ.

ಸಮುದ್ರ ನೋಡಿದ ಕೂಡ್ಲೇ ಎಲ್ಲಾರೂ ಹೋ ಅಂದ್ರು. ಇವರೊಬ್ಬರು, ಇದಕ್ಕ ದಂಡಿ ಎಲ್ಲಿ ಮುಗೀತದ ಅಂತ ನನ್ನ ಕಿವಿಯಾಗ ಕೇಳಿದ್ರು. ಆ ಕಡಿ ಅರಬ ದೇಶ ಅದ ಅಂತ ಕರೀಂಸಾಬ್ ಹೇಳಿದ. ಇವರು ಹೆಗಲ ಮ್ಯಾಲಿನ ಟವಲ್ ಸರಿ ಮಾಡ್ಕೊಂಡ್ರು.

ಮರುದಿನ ಮುಂಜಾನಿ ಅಂಬಿಕಾ ಕೆಂಪ ಅಂಗಿ, ಕೊಳ್ಳಾಗ ಸೀಟಿ ಹಾಕ್ಕೊಂಡು ನಮ್ಮೆದುರಿಗೆ ಬಂದು ನಿಂತ್ಳು. ನಾವು ತಂದ ಕಟಕ ರೊಟ್ಟಿ, ಶೇಂಗಾ ಹಿಂಡಿ ತಿನ್ಕೋತನ ಪಾಠ ಶುರು ಮಾಡಿದ್ಳು. ನಿನ್ನೆ ಮಳಿ ಆಗ್ಯದ, ಇವತ್ತು ಕೆಂಪ ಬಾವುಟ ಹಾರಿಸೀವಿ, ಯಾರೂ ನೀರಿಗೆ ಇಳಿಯಂಗಿಲ್ಲ ಅಂದ್ಳು. ಎಡಗಡಿ ನಾಲಾ ಬಂದು ಕೂಡೋ ಜಾಗಾದ ಹತ್ತಿರ ಅಂತೂ ಹಾಯಬಾರದು, ಊರಿನ ಹೊಲಸೆಲ್ಲ ಮಳಿ ನೀರಿನ ಜೋಡಿ ಅಲ್ಲೇ ಬರ್ತದ, ಅದಕ್ಕ ನಾ ಬಾಟ್ಲಿಯಾಗ ನೀರು ತುಂಬಿ ಪರೀಕ್ಷಾಕ್ಕ ಕಳಸ್ತೀನಿ, ಬೋರ್ಡೂ ಹಾಕೀವಿ ಅಂತ ಹೇಳಿದ್ಳು. ಆಮ್ಯಾಲ ಇನ್ನೊಂದು ಮಾತು ಹೇಳಿದ್ಳು. ತೆರಿ ಬರೋ ಜಾಗಾಕ್ಕಿಂತ ತೆರಿ ಇಲ್ಲದ ಜಾಗಾ ಕೆಟ್ಟದ್ದು, ದಂಡಿಗೆ ಬಂದ ನೀರೆಲ್ಲ ಆ ಹಾದೀಲೆ ಒಳಗ ಹೊಳ್ಳಿ ಹೋಗ್ತಿರ್ತದ, ಅದು ಸೆಳವು, ಮ್ಯಾಲ ನೋಡಾಕ ಬರೀ ಸಪಾಟು ಕಾಣ್ತದ ಅಂತ.

ನಮ್ಮ ಮನಿಯವ್ರು ಮೀಸಿಯೊಳಗ ನಕ್ಕರು. ನೋಡು ಭಾಗೂ, ಕುದಿಯೋ ನೀರು ಛಲೋ ಅಂತ, ನಿಂತ ನೀರು ಕೆಟ್ಟದ್ದಂತ, ಹಿಂಗ ಕಲಿಸ್ಯಾರ ನಿನ್ನ ಮಗಳಿಗೆ, ಅಂತ ನನಗ ಅಂದ್ರು. ಛಲೋ ಕೆಲಸ ಮಾಡಿದಾಗ ನಮ್ಮ ಮಗಳು, ತಮ್ಮ ಮಾತಿಗೆ ಎದುರಾಡಿದಾಗ ನನ್ನ ಮಗಳು. ಈ ಹಂಚಿಕಿ ನಮ್ಮ ಮನಿಯಾಗ ಹಳೇದು.

ಅಂಬಿಕಾ ಬಲಗಡಿ ದಂಡಿಗೆ ಯಾರೋ ಟೂರಿಸ್ಟರು ಇಳೀತಾರಂತ ಸೀಟಿ ಊದ್ಕೋತ ಓಡಿದ್ಳು. ಅಕಿ ಬೆನ್ನು ತಿರುಗಿಸಿದ್ದೇ ತಡ, ವಸ್ತಾದ್ರು ಧೋತರ ಕಾಸಿ ಬಿಗಿದು ಎದ್ದು ನಿಂತ್ರು. ನೀರು ನೋಡಾಕಂತ ಬಂದೀವಿ, ನೋಡದೇ ಹೋಗೋದೇನು ಅಂದ್ರು. ಎಲ್ಲಾರೂ ಬೆನ್ನು ಹತ್ತಿದ್ವಿ. ಆ ಮನುಷ್ಯಾ ದಂಡಿಗುಂಟ ನಡಕೋತ, ಅಲ್ಲಲ್ಲಿ ಬಗ್ಗಿ ಬೊಗಸಿ ತುಂಬಿ ಬಾಯಿಗೆ ಹಾಕೋದು, ಥೂ ಅಂತ ಉಗುಳೋದು, ಮತ್ತ ಮುಂದ ಹೋಗೋದು. ಹೋಟೆಲಿನ ಮಂದಿ ಕುರ್ಚಿಮ್ಯಾಲ ಮಲಗಿದವ್ರು ಎದ್ದು ಕೂತು ನೋಡಾಕತ್ತಿದ್ರು. ಪ್ರತಿ ಸಲ ಥೂ ಅಂದಾಗೂ ಆ ಖಾಲಿ ಜಾಗಾ ನನ್ನ ಕಣ್ಣೆದುರಿಗೆ ಬರ್ತಿತ್ತು.

ಹಂಗ ಹೋಗ್ಕೋತ ಎಡಗಡಿ ನಾಲಾದ ತನಕ ಬಂದ್ವಿ. ಇವರು ಬಗ್ಗಿ ಒಂದು ಬೊಗಸಿ ಬಾಯಿಗೆ ಹಾಕ್ಕೊಂಡ್ರು. ಈ ಸಲ ಉಗುಳಲಿಲ್ಲ. ನುಂಗಿದ್ರು. ಹುಬ್ಬು ಏರಿಸಿ ಇನ್ನೊಂದು ಬೊಗಸಿ ಕುಡಿದ್ರು. ಇಲ್ಲಿ ಉಪ್ಪು ಇಲ್ಲಂದ್ರೂ ನಡೀತದ, ಸಿಹಿ ಅದ, ಅಂದ್ರು. ನಾ ಕಣ್ಣು ಮುಚ್ಚಿ ಶರಣಬಸಪ್ಪಗ ಕೈ ಮುಗಿದೆ. ನನ್ನ ಹರಕಿ ಮುಟ್ಟಿತು, ಮಗಳ ನೌಕರಿ ಉಳೀತು ಅಂತ ಅಲ್ಲೇ ಕಣ್ಣೀರು ಬಂತು. ಆ ನೀರು ಹ್ಯಾಂಗ ಸಿಹಿ ಆತು ಅನ್ನೋ ವಿಚಾರ ನನ್ನ ಬುದ್ಧಿಗೆ ಹೊಳೀಲೇ ಇಲ್ಲ, ಅಷ್ಟು ಖುಷಿ ಆಗಿತ್ತು.

ಸಮುದ್ರಾನೂ ಅಲ್ಲಿ ಅಗದೀ ಸುಮ್ನಿತ್ತು. ಆಚಿಗೆ ಈಚಿಗೆ ತೆರಿ ಎದ್ದು ಬೀಳಾಕತ್ತಿದ್ವು, ನಡುವ ಒಂದು ಪಟ್ಟಿ ಮಾತ್ರ ನಮ್ಮ ಬಾವಿ ಹಂಗ ಸಪಾಟು. ಶೀಲಾ ಮೇಡಂ ಮೂಗಿಗೆ ಸೆರಗು ಹಿಡಿದು, ಏನೋ ನಾತ ಬರ್ತದ್ರಿ ವಸ್ತಾದ್ರ, ಅಲ್ಲಿ ಬೋರ್ಡೂ ಹಾಕ್ಯಾರ, ಬ್ಯಾಡ್ರಿ ಅಂದ್ರು. ಬೋರ್ಡಿಗೆ ಈಸಾಕ ಬರ್ತದೇನು ಮೇಡಂ ಅಂತ ಇವರು ನಕ್ಕು, ನಾ ಚಪ್ಪಾಳಿ ಹೊಡಿಯೋತನಕ ಯಾರೂ ಇಳೀಬ್ಯಾಡ್ರಿ ಅಂತ ಹೇಳಿ ನಡದೇಬಿಟ್ರು. ಆ ಚಪ್ಪಾಳಿ ಪದ್ಧತಿ ಮಾಡಿದ್ದಕ್ಕ ಅವರಿಗೆ ಪುಣ್ಯ ಬರಲಿ, ಅದೊಂದು ಇಲ್ಲದಿದ್ರ ಅವತ್ತು ಅರ್ಧ ಗಂಜು ನೀರುಪಾಲಾಗ್ತಿತ್ತು.

ಸೊಂಟದ ಮಟ ಹೋಗಿ, ಮುಳುಗಿ ಎದ್ದು, ನಮ್ಮ ಕಡಿ ನೋಡಿ ಮೀಸಿ ತಿರುವಿದ್ರು. ಆಮ್ಯಾಲ ಬೆನ್ನ ಮ್ಯಾಲ ಮಲಗಿ ಕಾಲು ಆಡಿಸಿದ್ರು. ನಾವು ಚಪ್ಪಾಳಿ ಕಾಯ್ಕೋತ ನಿಂತ್ವಿ. ಚಪ್ಪಾಳಿ ಬರವಲ್ದು. ಇವರು ಮಾತ್ರ ಸಣ್ಣಾಗಾಕತ್ತಿದ್ರು. ಮೊದಲ ಮೀಸಿ ಕಾಣಲಾರದಂಗಾತು, ಆಮ್ಯಾಲ ಮಾರಿ ಕಾಣಲಾರದಂಗಾತು. ತಿರುಗಿ ನಮ್ಮ ಕಡಿ ಈಸಾಕತ್ತಿದ್ರು, ಕೈ ಜೋರ್ ಜೋರ್ ಹಾಕಾಕತ್ತಿದ್ರು, ಆದ್ರೂ ದೂರ ದೂರನೇ ಹೊಂಟಿದ್ರು. ಬಾವಿಯಾಗ ನಾಕು ಕೈ ಹಾಕಿದ್ರ ಗ್ವಾಡಿ ಸಿಗ್ತದ, ಹಿಡ್ಕೊಂಡು ಉಸಿರು ತಗೋಬಹುದು. ಇಲ್ಲಿ ಹಿಡ್ಯಾಕ ಏನಿತ್ತು.

ಕರೀಂಸಾಬ್ ಅಂಗಿ ಕಿತ್ತಿ ಒಗೆದು ನೀರಿಗೆ ಓಡಿದ. ಶೀಲಾ ಮೇಡಂ ಅವನ ಪೈಜಾಮದ ಲಾಡಿ ಹಿಡಿದು ಜಗ್ಗಿ ಕೂಡಿಸಿದ್ರು. ನಾ ಉಸುಕಿನಾಗ ಬಿದ್ದು ಎದ್ದು ಅಂಬಿಕಾ, ಅಂಬಿಕಾ ಅಂತ ಒದರಿಕೋತ ಓಡಿದೆ. ಆ ಹೊತ್ತಿನಾಗ ನನ್ನ ತೆಲಿಯಾಗ ಏನು ಬಂತು ಹೇಳ್ಲಿ? ಇವರ ಮ್ಯಾಲ ಸಿಟ್ಟು ಬಂತು. ಎಷ್ಟು ಸಿಟ್ಟಂದ್ರ, ಜೀವಂತ ಬರಲಿ, ನಾನೇ ಕೊಲ್ಲತೀನಿ ಅನ್ನೋ ಅಷ್ಟು.

ಅಕಿ ಅದಾಗ್ಲೇ ಓಡಿ ಬರಾಕತ್ತಿದ್ಳು. ಬಗಲಾಗ ಕೆಂಪ ಟ್ಯೂಬು. ನಮ್ಮನ್ನ ತಿರುಗಿ ಸೈತ ನೋಡಲಿಲ್ಲ, ಇವರು ಇಳಿದ ಸಪಾಟು ನೀರಿಗೇ ಇಳಿದ್ಳು. ಕೈ ಹೆಚ್ಚಿಗಿ ಹಾಕಲಿಲ್ಲ, ಸೆಳವೇ ಅಕಿನ್ನ ಅಪ್ಪನ ತನಕ ಒಯ್ತು. ಹತ್ತಿರ ಹೋದ ಕೂಡ್ಲೇ ನಾ ಅಂಜಿದ್ದು ಆತು. ನೂರಾರು ಮಂದಿಗೆ ತೆಕ್ಕಿ ಬೀಳಬ್ಯಾಡ್ರೋ ಅಂತ ಹೇಳಿದ ವಸ್ತಾದ್ರು, ಮಗಳ ಕೊಳ್ಳಿಗೆ ಗಪ್ಪನ ತೆಕ್ಕಿ ಬಿದ್ರು. ಇಬ್ಬರೂ ಕಾಣಲಾರದಂಗಾದ್ರು.

ಇಬ್ಬರೂ ಮ್ಯಾಲ ಬಂದ್ರು. ಅಂಬಿಕಾನ ಕೈ ಮ್ಯಾಲ ಹೋತು, ಕೆಳಗ ಬಂತು. ಅಷ್ಟು ದೂರದ ಸಪ್ಪಳ ನಿನಗ ಹ್ಯಾಂಗ ಕೇಳ್ತು ಅಂತ ಮಂದಿ ನನಗ ಅಂತಾರ. ಕೇಳ್ತು. ನಮ್ಮ ಗುಂಪಿನಾಗ ಎಲ್ಲಾರಿಗೂ ಕೇಳ್ತು, ಎಲ್ಲಾರ ಕೈಯೂ ತಮ್ಮ ತಮ್ಮ ಕಪಾಳಕ್ಕ ಹೋತು. ಇವರ ಕೈ ಸಡಲಿದ್ವು. ಅಕಿ ಇವರನ್ನ ಟ್ಯೂಬಿನ ಮ್ಯಾಲ ಹಾಕಿ ಎಳ್ಕೊಂಡು ಹೊಂಟ್ಳು. ನಮ್ಮ ಕಡಿ ಅಲ್ಲ, ಅಡ್ಡ, ದಂಡಿಗುಂಟ. ಅಪ್ಪನ್ನ ತಗೊಂಡು ಈಕಿ ಗೋವಾಕ್ಕ ಹೊಂಟಾಳೇನು ಅಂತ ನಾ ಬಾಯಿ ಬಡ್ಕೊಂಡೆ. ಸೆಳವು ದಾಟಿದ ಮ್ಯಾಲ ತೆರಿನೇ ಇಬ್ಬರನ್ನೂ ತಂದು ಉಸುಕಿನ ಮ್ಯಾಲ ಹಾಕಿದ್ವು.

ಮಗಳು ಅಪ್ಪನ್ನ ಮಗ್ಗಲಕ್ಕ ಮಲಗಿಸಿ, ಉಸಿರು ನೋಡಿ, ನಾಡಿ ನೋಡಿ, ಎಷ್ಟು ನೀರು ಕುಡಿದಿ ಅಂತ ಕೇಳಿದ್ಳು. ಇಳಿಯೋಕಿಂತ ಮೊದಲ ಎರಡು ಬೊಗಸಿ, ಆಮ್ಯಾಲ ಲೆಕ್ಕ ಇಲ್ಲ ಅಂದ್ರು. ಆ ಮೊದಲಿನ ಎರಡು ಬೊಗಸಿ ಎಲ್ಲೀದು ಅಂತ ಕೇಳಿದ್ಳು. ನಾಲಾದ ಕಡಿ ಬೆರಳು ಮಾಡಿ, ಅಲ್ಲಿ ಸಿಹಿ ಅದ ಅಂದ್ರು. ಉಪ್ಪು ಕಮ್ಮಿ ಯಾಕ ಅಂದ್ರ ಅದು ಸಮುದ್ರ ಅಲ್ಲಪ್ಪ, ಊರಿನ ಗಟಾರ ಅಂತ ಅಕಿ ಹೇಳಿದ್ಳು. ಅದು ಕೇಳಿದ್ದೇ ತಡ, ಇವರು ಕುಡಿದಿದ್ದೆಲ್ಲ ಹೊರಗ ಹಾಕಿದ್ರು, ಮುಂಜಾನಿ ತಿಂದ ರೊಟ್ಟಿ ಸೈತ. ನನ್ನ ಹರಕಿ ಶರಣಬಸಪ್ಪ ಹಿಂಗ ತೀರಿಸಿದ.

ಎಲ್ಲಾ ಹೊರಗ ಬಂದ ಮ್ಯಾಲ ಇವರು ಎದ್ದು ಕೂತ್ರು. ಮೀಸಿ ಎರಡೂ ಕಡಿ ಜೋತು ಬಿದ್ದಿತ್ತು. ಎಡಗಪಾಳ ಕೆಂಪಗಾಗಿತ್ತು, ಬೆರಳಿನ ಗುರ್ತು ಮೂಡಿತ್ತು. ಶಿಷ್ಯರೆಲ್ಲ ಸುತ್ತ ನಿಂತಿದ್ರು. ಅಪ್ಪಗ ಕೈ ಎತ್ತಿದ ಮಗಳು ಉಸುಕು ನೋಡ್ಕೋತ ಕೂತಿದ್ಳು, ಆ ಕೈ ಬೆನ್ನ ಹಿಂದ ಇಟ್ಕೊಂಡಿದ್ಳು. ನಮ್ಮ ಮಂದಿಯೊಳಗ ಇದೇನು ಸಣ್ಣ ಮಾತೇನ್ರಿ?

ಆವಾಗ ಕರೀಂಸಾಬ್ ಒಂದು ಕೈಯಾಗ ಪೈಜಾಮ ಹಿಡ್ಕೊಂಡು ಮುಂದ ಬಂದ. ಅಂವನ ಕಣ್ಣಾಗ ನೀರಿತ್ತು, ತುಟಿಮ್ಯಾಲ ನಗಿ ಇತ್ತು. ಮಂಡಿ ಊರಿ ಇವರ ಎದುರಿಗೆ ಕೂತು, ಅಗದೀ ನಿಧಾನ ಕೇಳಿದ.

"ವಸ್ತಾದ, ಯಾರು ಹೊಡೆದ್ರು?"

ಇವರು ಕಪಾಳ ಮುಟ್ಟಿ ನೋಡ್ಕೊಂಡ್ರು. ಕರೀಂಸಾಬನ ಕಡಿ ನೋಡಲಿಲ್ಲ, ಸಮುದ್ರದ ಕಡಿ ಒಮ್ಮೆ ನೋಡಿದ್ರು, ಮಗಳ ಕಡಿ ನೋಡಿದ್ರು. ಎಲ್ಲಾರಿಗೂ ಗೊತ್ತಿದ್ದ ಆ ಒಂದು ಜವಾಬು ಕೊಟ್ಟಿದ್ರ ಮರ್ಯಾದಿ ಉಳೀತಿತ್ತು. ಹೇಳ್ರಿ, ನೀರು ಅಂತ ಹೇಳಿಬಿಡ್ರಿ ಅಂತ ನಾನೂ ಮನಸಿನಾಗ ಅಂದೆ.

"ನನ್ನ ಮಗಳು ಹೊಡೆದ್ಳು," ಅಂದ್ರು.

ಅಂಬಿಕಾ ತೆಲಿ ಎತ್ತಿದ್ಳು. ಇವರು ಮತ್ತೊಮ್ಮೆ, ಈ ಸಲ ಎಲ್ಲಾರಿಗೂ ಕೇಳೋಹಂಗ ಅಂದ್ರು, ನೀರಲ್ಲೋ, ನನ್ನ ಮಗಳು ಅಂತ. ನನ್ನ ಮಗಳು ಅಂದ್ರು, ನೋಡ್ರಿ, ನಿನ್ನ ಮಗಳು ಅನ್ನಲಿಲ್ಲ. ಅಕಿ ಅತ್ಳು. ನಾನೂ ಅತ್ತೆ. ಅವರು ಅಳಲಿಲ್ಲ, ಆದ್ರ ಮೂಗು ಭಾಳ ಸಲ ಒರಿಸ್ಕೊಂಡ್ರು.

ಕರೀಂಸಾಬ್ ಬಿಡೋ ಪೈಕಿ ಏನು! ಜವಾಬು ತಪ್ಪು ಅದ, ತಪ್ಪು ಜವಾಬು ಕೊಟ್ಟವರು ಮತ್ತ ನೀರಿಗೆ, ಕಾಯ್ದೆ ಅಂದ್ರ ಕಾಯ್ದೆ, ಅಂತ ಕೂಗಿದ. ಇಷ್ಟು ವರ್ಷ ಏಟು ತಿಂದ ಶಿಷ್ಯರೆಲ್ಲ ಹೌದು ಹೌದು ಅಂತ ಒಬ್ಬರು ಕೈ, ಒಬ್ಬರು ಕಾಲು ಹಿಡಿದು ಇವರನ್ನ ಎತ್ತೇಬಿಟ್ರು. ಆಗ ಬಂತು ನೋಡ್ರಿ ಸೀಟಿ, ಕಿವಿ ತೂತಾಗೋಹಂಗ. ಕೆಂಪ ಬಾವುಟ ಅದ, ಇವತ್ತು ಯಾರೂ ನೀರಿಗೆ ಇಳಿಯಂಗಿಲ್ಲ ಅಂತ ಅಂಬಿಕಾ ಕಣ್ಣು ಒರಿಸ್ಕೋತನ ಗದರಿಸಿದ್ಳು. ವಕೀಲರು, ಡಾಕ್ಟರು, ಅಡತಿ ಸಾವಕಾರರು, ಎಲ್ಲಾರೂ ವಸ್ತಾದ್ರನ್ನ ಉಸುಕಿನ ಮ್ಯಾಲ ಇಟ್ಟು, ಸಾಲಿ ಹುಡುಗರ ಹಂಗ ಕೈ ಕಟ್ಟಿ ನಿಂತ್ರು.

ಉಳಿದ ಎರಡು ದಿನ ನಮ್ಮ ಮನಿಯವ್ರು ರೆಸಾರ್ಟಿನ ಸಂಡಾಸ ಬಿಟ್ಟು ಮತ್ತೇನೂ ನೋಡಲಿಲ್ಲ. ಸಿಹಿ ಇದ್ದದ್ದು ಛಲೋ ನೀರು ಅನ್ನೋ ಶಾಸ್ತ್ರ ಅಲ್ಲೇ ಬಿಟ್ಟು ಬಂದ್ರು. ಹೊಂಡೋ ಮುಂದ ಟೆಂಪೋದ ಕಿಡಕಿಯಿಂದ ಮಗಳನ್ನ ಕರೆದು, ಇನ್ನ ಮುಂದ ಯಾರರ ತೆಕ್ಕಿ ಬಿದ್ರ ಹಂಗೇ ಬಿಗಿ, ನನ್ನ ಹೆಸರು ಹೇಳು ಅಂದ್ರು. ಹೊಡಿಯಾಕ ನಮ್ಮಲ್ಲಿ ಕಾಯ್ದೆ ಇಲ್ಲಪ್ಪ, ಅದು ನಿನಗೊಬ್ಬನಿಗೇ, ಅಂದ್ಳು ಅಕಿ. ನನ್ನ ಬಾಜೂಕಿನ ಖಾಲಿ ಜಾಗಾದ ಮ್ಯಾಲ ಅವರ ಒಗೆದ ಒದ್ದಿ ಧೋತರ ಹರವಿದ್ವಿ, ಕಮಲಾಪುರ ಬರೋದ್ರಾಗ ಒಣಗಿತ್ತು.

ದೀಪಾವಳಿಗೆ ಅಂಬಿಕಾ ಸೂಟಿ ತಗೊಂಡು ಬಂದ್ಳು. ಬ್ಯಾಗ್ ಸೈತ ಇಳಿಸಲಿಲ್ಲ, ಸೀದಾ ಬಾವಿಗೆ ಹೋಗಿ, ಪಾವಟಿಗಿ ಇಳಿದು, ತನ್ನ ಬಾಟ್ಲಿಯಾಗ ನೀರು ತುಂಬಿದ್ಳು. ಕಲಬುರಗಿಯಾಗ ಪರೀಕ್ಷಾಕ್ಕ ಕೊಡ್ತೀನಿ, ನಾ ಫೋನ್ ಮಾಡೋತನಕ ಯಾರೂ ಇಳೀಬ್ಯಾಡ್ರಿ ಅಂದ್ಳು. ಮುತ್ಯಾನ ಬಾವಿಗೆ ಪರೀಕ್ಷಾ ಅಂತ ಇವರು ಒಂದು ಮಾತು ಶುರು ಮಾಡಿದ್ರು, ಅಕಿ ಬರೀ ಅವರ ಎಡಗಪಾಳ ನೋಡಿದ್ಳು, ಇವರು ಕಪಾಳ ತಿಕ್ಕೋತ ಬಾಜೂಕ ಸರಿದ್ರು. ಹಬ್ಬ ಮುಗಿಸಿ ಅಕಿ ಹೋದ ಮ್ಯಾಲ ನಮ್ಮ ಮನಿಯವ್ರ ಅವಸ್ಥಾ ನೋಡೋಹಂಗಿತ್ತು. ಮ್ಯಾಟ್ರಿಕ್ ರಿಸಲ್ಟ್ ಕಾಯೋ ಹುಡುಗನ ಹಂಗ ಬಾವಿ ಸುತ್ತ ತಿರುಗೋದು, ಎಲಿ ಬಿದ್ರ ಜಾಳಿಗಿಲೆ ತಗಿಯೋದು, ಫೋನ್ ಬಂತೇನು ಅಂತ ನನಗ ಕೇಳೋದು. ರವಿವಾರ ಕಾರ್ ಹತ್ತಿ ಬಂದ ಶಿಷ್ಯರನ್ನ, ಇನ್ನಾ ಹುಕುಂ ಬಂದಿಲ್ಲ ಅಂತ ಹೊಳ್ಳಿ ಕಳಿಸಿದ್ರು. ಮದುವಿ ಆದಾಗಿಂದ ಇಷ್ಟು ದಿನ ಅವರು ನೀರಿಗಿಳೀದೇ ಇದ್ದದ್ದು ನಾ ಕಂಡಿಲ್ಲ.

ಇವತ್ತು ಮುಂಜಾನಿ ಅಂಬಿಕಾನ ಫೋನ್ ಬಂತು. ನಾ ರೊಟ್ಟಿ ಬಡಿಯೋದು ಬಿಟ್ಟು ಓಡಿ ಹೋಗಿ ಕೊಟ್ಟೆ. ಅವರು ಧೋತರ ಕಾಸಿ ಬಿಗಿದು, ಬಾವಿಯ ಮ್ಯಾಲಿನ ಕಲ್ಲಿನ ಮ್ಯಾಲ ನಿಂತಿದ್ರು. ಅದೇ ಕಲ್ಲಿನಿಂದ ಯಾರನ್ನೂ ಕೇಳದೇ ಜಿಗಿಕೋತ ಮುದುಕರಾದ ಮನುಷ್ಯಾ, ಫೋನ್ ಎರಡೂ ಕೈಲೆ ಕಿವಿಗೆ ಹಿಡ್ಕೊಂಡು, ಸಣ್ಣ ದನಿಲೆ ಕೇಳಿದ್ರು.

"ಇಳೀಲೇನವ್ವಾ?"